ಗುಂಡು ದೊಡ್ಡದಿದ್ದರೆ ಸಾಕೇ? ಸ್ಯಾಂಡರ್ಸನ್ ಬದುಕಿನಿಂದ ಒಂದು ಪಾಠ

ಗುಂಡು ದೊಡ್ಡದಾದಷ್ಟೂ ಏಟು ಖಚಿತ ಎಂಬ ನಂಬಿಕೆ ಹಳೆಯದು. ಇದು ಎಷ್ಟು ನಿಜ? ಭೀಮನಬೀಡಿಗೆ ದೂರವಲ್ಲದ ಚಾಮರಾಜನಗರದ ಕಾಡುಗಳಲ್ಲಿ ಓಡಾಡಿದ ಜಾರ್ಜ್ ಸ್ಯಾಂಡರ್ಸನ್ ಅವರ ಬದುಕಿನಲ್ಲಿ ನಾವು ಉತ್ತರ ಹುಡುಕೋಣ.

1848ರಲ್ಲಿ ಹುಟ್ಟಿದ ಇವರು 1864ರಲ್ಲಿ ಭಾರತಕ್ಕೆ ಬಂದು, ಮುಂದೆ ಮೈಸೂರು ಸಂಸ್ಥಾನದ ನೀರಾವರಿ ಕೆಲಸಕ್ಕೆ ಸೇರಿದರು. ಕೆರೆ, ಕಾಲುವೆಗಳ ನಡುವೆ ಶಿಕಾರಿಯೂ ಸಾಗಿತು. ಆನೆಗೆ ಇವರು ಬಳಸಿದ್ದು 4 ಬೋರ್ ಕೋವಿ. ಒಂದು ಪೌಂಡ್ ಸೀಸಕ್ಕೆ ನಾಲ್ಕೇ ಗುಂಡು ಎಂಬುದು ಈ ಹೆಸರಿನ ಲೆಕ್ಕ. ಅಂದರೆ ಒಂದೊಂದೂ ಸುಮಾರು 113 ಗ್ರಾಂ!

ಆದರೆ ತೂಕವೊಂದೇ ಸಾಲದು. ಆನೆಯ ಮಿದುಳು ಜೇನುಗೂಡಿನಂಥ ದಪ್ಪ ಮೂಳೆಯ ಹಿಂದೆ ಅಡಗಿದೆ. ಅಪ್ಪಟ ಸೀಸ ಮೆತ್ತಗಿರುವುದರಿಂದ ಮೂಳೆಗೆ ಬಡಿದು ಚಪ್ಪಟೆಯಾಗುತ್ತದೆ. ಪ್ರಾಣಿ ಸಾಯದೆ ಗಾಯದಲ್ಲಿ ನರಳುತ್ತದೆ. ಅದಕ್ಕೇ ಆ ಕಾಲದ ಶಿಕಾರಿಗಳು ಸೀಸಕ್ಕೆ ತವರ ಬೆರೆಸಿ ಗುಂಡು ಎರಕ ಹೊಯ್ಯುತ್ತಿದ್ದರು.

ಹಾಗಾದರೆ ಗಟ್ಟಿಯಾದಷ್ಟೂ ಒಳ್ಳೆಯದೇ? ಅದೂ ಅಲ್ಲ. 1935ರಲ್ಲಿ ಬಂದ .357 ಮ್ಯಾಗ್ನಮ್ ರಿವಾಲ್ವರಿನಲ್ಲಿ ಮೆತ್ತನೆಯ ಎರಕದ ಗುಂಡು ನಳಿಗೆಗೆ ಸೀಸ ಮೆತ್ತುತ್ತದೆ. ಅತಿ ಗಟ್ಟಿಯಾದದ್ದು ಅಳತೆ ತಪ್ಪಿದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ, ಅದೂ ಸೀಸ ಬಿಡುತ್ತದೆ. ಹದವೂ ಅಳತೆಯೂ ಕೂಡಿ ಬರಬೇಕು.

ಸ್ಯಾಂಡರ್ಸನ್ ಹೆಸರು ಉಳಿದದ್ದು ಮಾತ್ರ ಕೋವಿಯಿಂದಲ್ಲ. 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ಮಾಡಿ, ಒಂದು ಹಿಂಡನ್ನೇ ಜೀವಂತವಾಗಿ ಹಿಡಿದರು. 1878ರಲ್ಲಿ ತಮ್ಮ ಕಾಡಿನ ಅನುಭವಗಳ ಪುಸ್ತಕ ತಂದರು. 1892ರಲ್ಲಿ ತೀರಿಕೊಂಡರು. ಇಂದು ಅದೇ ಸೀಮೆಯಲ್ಲಿ ಆನೆ ಬೇಟೆ ಕಾನೂನಿನ ಪ್ರಕಾರ ಅಪರಾಧ.