ಜಾಕ್ ಬರ್ಟಿಲಾನ್

ಜಾಕ್ ಬರ್ಟಿಲಾನ್ (11 ನವೆಂಬರ್ 1851 – 7 ಜುಲೈ 1922) ಫ್ರಾನ್ಸಿನ ವೈದ್ಯ, ಸಂಖ್ಯಾಶಾಸ್ತ್ರಜ್ಞ ಹಾಗೂ ಜನಸಂಖ್ಯಾಶಾಸ್ತ್ರಜ್ಞ. ಇವರು ಸಿದ್ಧಪಡಿಸಿದ ಮರಣ ಕಾರಣಗಳ ಪಟ್ಟಿಯು ಮುಂದೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾಗಿ ಬೆಳೆಯಿತು. ಆಸ್ಪತ್ರೆಯ ದಾಖಲೆಗಳಲ್ಲಿ ಮತ್ತು ಹಲವು ದೇಶಗಳ ವೈದ್ಯಕೀಯ ಬಿಲ್ಲುಗಳಲ್ಲಿ ಇಂದು ಕಾಣುವ ರೋಗ ಸಂಕೇತಗಳ ಮೂಲ ಈ ಪಟ್ಟಿಯಾಗಿದೆ.

ಕುಟುಂಬ ಮತ್ತು ವೃತ್ತಿ

ಬರ್ಟಿಲಾನ್ ಪ್ಯಾರಿಸ್‌ನಲ್ಲಿ ಜನಿಸಿದರು. ತಂದೆ ಲೂಯಿ ಅಡಾಲ್ಫ್ ಬರ್ಟಿಲಾನ್ ವೈದ್ಯರೂ ಸಂಖ್ಯಾಶಾಸ್ತ್ರಜ್ಞರೂ ಆಗಿದ್ದರು. ತಾಯಿಯ ತಂದೆ ಅಶಿಲ್ ಗಿಯಾರ್ ಜನಸಂಖ್ಯಾಶಾಸ್ತ್ರಕ್ಕೆ ಫ್ರೆಂಚ್ ಭಾಷೆಯಲ್ಲಿ ಹೆಸರು ಕೊಟ್ಟವರು. ದೇಹದ ಅಳತೆಗಳಿಂದ ಅಪರಾಧಿಗಳನ್ನು ಗುರುತಿಸುವ ಪದ್ಧತಿಯನ್ನು ರೂಪಿಸಿದ ಅಲ್ಫೋನ್ಸ್ ಬರ್ಟಿಲಾನ್ ಇವರ ತಮ್ಮ. ವೈದ್ಯಕೀಯ ಶಿಕ್ಷಣ ಪಡೆದ ಜಾಕ್, 1883ರಲ್ಲಿ ತಂದೆಯ ನಂತರ ಪ್ಯಾರಿಸ್ ನಗರದ ಅಂಕಿ-ಅಂಶ ಕಚೇರಿಯ ಮುಖ್ಯಸ್ಥರಾದರು. ಫ್ರಾನ್ಸಿನ ಜನನ ಪ್ರಮಾಣದ ಇಳಿಕೆಯ ಬಗ್ಗೆ ಕಳವಳಗೊಂಡು 1896ರಲ್ಲಿ ಜನಸಂಖ್ಯಾ ವೃದ್ಧಿಗಾಗಿ ಒಂದು ರಾಷ್ಟ್ರೀಯ ಸಂಘಟನೆಯನ್ನು ಸ್ಥಾಪಿಸಿದರು.

ಮರಣ ಕಾರಣಗಳ ವರ್ಗೀಕರಣ

ಒಂದೇ ರೋಗವನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ಹೆಸರಿನಲ್ಲಿ ದಾಖಲಿಸುತ್ತಿದ್ದುದರಿಂದ ಮರಣದ ಅಂಕಿಗಳನ್ನು ಹೋಲಿಸುವುದು ಕಷ್ಟವಾಗಿತ್ತು. ಇಂಗ್ಲೆಂಡಿನ ವಿಲಿಯಂ ಫಾರ್ ಈ ದಿಕ್ಕಿನಲ್ಲಿ ಮೊದಲೇ ಶ್ರಮಿಸಿದ್ದರೂ ಸರ್ವಸಮ್ಮತ ಪಟ್ಟಿ ರೂಪುಗೊಂಡಿರಲಿಲ್ಲ. 1891ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಈ ಕಾರ್ಯವನ್ನು ಬರ್ಟಿಲಾನ್ ಅಧ್ಯಕ್ಷತೆಯ ಸಮಿತಿಗೆ ವಹಿಸಿತು. 1893ರಲ್ಲಿ ಶಿಕಾಗೊದಲ್ಲಿ ಅವರು ಮಂಡಿಸಿದ ವರದಿಯಲ್ಲಿ 44, 99 ಮತ್ತು 161 ಶೀರ್ಷಿಕೆಗಳ ಮೂರು ಪಟ್ಟಿಗಳಿದ್ದವು. ಇಡೀ ದೇಹವನ್ನು ಆವರಿಸುವ ರೋಗಗಳನ್ನು ಒಂದು ಅಂಗಕ್ಕೆ ಸೀಮಿತವಾದ ರೋಗಗಳಿಂದ ಬೇರ್ಪಡಿಸಿದ್ದು ಈ ಪಟ್ಟಿಗಳ ಮುಖ್ಯ ತತ್ತ್ವ. 1900ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಸಮ್ಮೇಳನದಲ್ಲಿ 26 ದೇಶಗಳು ಪಾಲ್ಗೊಂಡು ಪರಿಷ್ಕೃತ ಪಟ್ಟಿಯನ್ನು ಅಂಗೀಕರಿಸಿದವು. ಹತ್ತು ವರ್ಷಗಳಿಗೊಮ್ಮೆ ಪರಿಷ್ಕರಿಸುವ ಪದ್ಧತಿಯೂ ರೂಢಿಗೆ ಬಂದಿತು.

ಪ್ರಭಾವ

ಬರ್ಟಿಲಾನ್ ಮರಣಾನಂತರ ವಿಶ್ವ ಆರೋಗ್ಯ ಸಂಸ್ಥೆಯು ಈ ಹೊಣೆಯನ್ನು ವಹಿಸಿಕೊಂಡು, 1948ರ ಆರನೆಯ ಪರಿಷ್ಕರಣೆಯಲ್ಲಿ ಮಾರಕವಲ್ಲದ ರೋಗಗಳನ್ನೂ ಸೇರಿಸಿತು. ಸತ್ತವರನ್ನು ಎಣಿಸಲು ಹುಟ್ಟಿದ ಪಟ್ಟಿ ಬದುಕಿರುವವರ ಚಿಕಿತ್ಸೆಗೂ ಅನ್ವಯವಾದದ್ದು ಹೀಗೆ. ಹತ್ತನೆಯ ಪರಿಷ್ಕರಣೆಯಲ್ಲಿ ಹೃದಯದ ವಿದ್ಯುತ್ ಸಂವಹನ ಪೂರ್ಣವಾಗಿ ತಡೆಗೊಂಡ ಸ್ಥಿತಿಗೆ ಐ44.2, ಪೇಸ್‌ಮೇಕರ್ ಹೊಂದಿರುವ ಸ್ಥಿತಿಗೆ ಝಡ್95.0 ಎಂಬ ಸಂಕೇತಗಳಿವೆ. ಪೇಸ್‌ಮೇಕರ್ ಅಳವಡಿಸುವ ಶಸ್ತ್ರಕ್ರಿಯೆಯ ಸಂಕೇತ ಇವುಗಳಿಂದ ಭಿನ್ನ. ಅಮೆರಿಕದ ಬಿಲ್ಲುಗಳಲ್ಲಿ ತಂತಿಯನ್ನು ಹೃತ್ಕರ್ಣಕ್ಕೆ ಜೋಡಿಸಿದರೆ 33206, ಹೃತ್ಕುಕ್ಷಿಗೆ ಜೋಡಿಸಿದರೆ 33207, ಎರಡಕ್ಕೂ ಜೋಡಿಸಿದರೆ 33208 ಎಂದು ಬರೆಯಲಾಗುತ್ತದೆ. ರೋಗದ ಸಂಕೇತವು ಚಿಕಿತ್ಸೆ ಏಕೆ ಬೇಕಾಯಿತೆಂಬುದನ್ನೂ ಶಸ್ತ್ರಕ್ರಿಯೆಯ ಸಂಕೇತವು ಏನು ಮಾಡಲಾಯಿತೆಂಬುದನ್ನೂ ತಿಳಿಸುತ್ತದೆ. ಇವೆರಡೂ ಹೊಂದದಿದ್ದರೆ ಹಣ ಪಾವತಿ ನಿರಾಕರಣೆಯಾಗಬಹುದು.

ಕರ್ನಾಟಕದಲ್ಲಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳೂ ಸೇರಿದಂತೆ ರಾಜ್ಯದಾದ್ಯಂತ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಚಿಕಿತ್ಸೆಗಳಿಗೆ ತನ್ನದೇ ಸಂಕೇತಗಳನ್ನೂ ನಿಗದಿತ ದರಗಳನ್ನೂ ಹೊಂದಿದೆ. ಆಸ್ಪತ್ರೆಯಲ್ಲಿ ಸಂಭವಿಸಿದ ಮರಣಕ್ಕೆ ವೈದ್ಯರು ನಮೂನೆ 4ರಲ್ಲಿ ನೀಡುವ ಕಾರಣವನ್ನು ಬರ್ಟಿಲಾನ್ ಪಟ್ಟಿಯಿಂದ ಬೆಳೆದ ಅಂತರರಾಷ್ಟ್ರೀಯ ವರ್ಗೀಕರಣದಂತೆಯೇ ವಿಂಗಡಿಸಲಾಗುತ್ತದೆ.