ಅಂಬಾಸಡರ್ ಮೂತಿ ಇಳಿದರೆ ಗುಜರಿಗೇ ಯಾಕೆ? ಇಸಿಗೊನಿಸ್ ಬದುಕಿನಲ್ಲಿದೆ ಉತ್ತರ

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಹಳೇ ಅಂಬಾಸಡರ್ ಇಟ್ಟುಕೊಂಡವರು ನನ್ನನ್ನೂ ಸೇರಿಸಿ ಇನ್ನೂ ಕೆಲವರಿದ್ದೇವೆ. ನಮ್ಮೆಲ್ಲರ ದೂರು ಒಂದೇ: ಗಾಡಿಯ ಮೂತಿ ಇಳಿದಿದೆ, ಹಂಪಿಗೆ ಹೊರಟರೆ ದಾರಿಯಲ್ಲಿ ಒಂದೊಂದು ಹಂಪಿಗೂ ತಳ ತಾಗುತ್ತೆ. ಅದಿರು ಲಾರಿಗಳು ಉತ್ತುಹಾಕಿದ ಸಂಡೂರಿನ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿದ ಗಾಡಿಗೆ ಇದೇನೂ ದೊಡ್ಡ ರೋಗವಲ್ಲ. ಆದರೂ ಇಷ್ಟಕ್ಕೇ ಗಾಡಿಯನ್ನು ಗುಜರಿಗೆ ಹಾಕುವ ಮಾತು ಕೇಳಿದಾಗ ಸಂಕಟವಾಗುತ್ತೆ. ಯಾಕಂದ್ರೆ ಮೂತಿಯನ್ನು ಮತ್ತೆ ಎತ್ತುವ ದಾರಿ ಗಾಡಿಯೊಳಗೇ ಇದೆ. ಆ ದಾರಿ ಹಾಕಿಕೊಟ್ಟವರಲ್ಲಿ ಮುಖ್ಯರು ಅಲೆಕ್ ಇಸಿಗೊನಿಸ್. ನಮ್ಮ ಕಡೆ ಅವರ ಹೆಸರು ಗೊತ್ತಿರುವವರು ಕಡಿಮೆ. ಅವರ ಕೆಲಸದ ಮೇಲೆ ಕೂತು ಊರು ಸುತ್ತಿದವರಿಗೆ ಲೆಕ್ಕವಿಲ್ಲ.

ಇಸಿಗೊನಿಸ್ ಹುಟ್ಟಿದ್ದು 1906ರ ನವೆಂಬರ್ 18ರಂದು, ಆಗ ಒಟೊಮನ್ ಸಾಮ್ರಾಜ್ಯದಲ್ಲಿದ್ದ ಸ್ಮಿರ್ನಾದಲ್ಲಿ. ಇವತ್ತು ಅದು ಟರ್ಕಿಯ ಇಜ್ಮಿರ್. ತಂದೆ ಗ್ರೀಕ್ ಮೂಲದ ಎಂಜಿನಿಯರ್, ಬ್ರಿಟಿಷ್ ಪೌರತ್ವ ಇದ್ದವರು. ತಾಯಿ ಜರ್ಮನ್ ಮೂಲದವರು. 1922ರಲ್ಲಿ ಯುದ್ಧ ಮತ್ತು ಬೆಂಕಿ ಸೇರಿ ಆ ಊರನ್ನು ನುಂಗಿದಾಗ ಕುಟುಂಬ ಎಲ್ಲ ಬಿಟ್ಟು ಮಾಲ್ಟಾಕ್ಕೆ ಓಡಿತು. ತಂದೆ ಅಲ್ಲೇ ತೀರಿಕೊಂಡರು. ಮರುವರ್ಷ ತಾಯಿ, ಮಗ ಇಬ್ಬರೇ ಇಂಗ್ಲೆಂಡ್ ಸೇರಿದರು. ಅಂದರೆ ಬ್ರಿಟನ್ನಿನ ಹೆಮ್ಮೆ ಅಂತ ಕರೆಸಿಕೊಂಡ ಕಾರುಗಳನ್ನು ಕೊಟ್ಟವರು ಒಬ್ಬ ನಿರಾಶ್ರಿತ ಹುಡುಗ.

ಲಂಡನ್ನಿನ ಬ್ಯಾಟರ್‌ಸೀ ಪಾಲಿಟೆಕ್ನಿಕ್‌ನಲ್ಲಿ ಓದುವಾಗ ಗಣಿತದಲ್ಲಿ ಮೂರು ಸಲ ಫೇಲಾದರು. ಡ್ರಾಯಿಂಗ್ ಮಾತ್ರ ಕೈಗೆ ಒಲಿದಿತ್ತು. ಆ ಕೈಯೇ ಅವರಿಗೆ ಕೆಲಸ ಕೊಡಿಸಿತು. 1936ರಲ್ಲಿ ಮಾರಿಸ್ ಮೋಟರ್ಸ್ ಸೇರಿದರು, ಅಲ್ಲಿ ಸಸ್ಪೆನ್ಷನ್ ಕೆಲಸ ಹಚ್ಚಿಕೊಂಡರು. ಬಿಡುವಿನಲ್ಲಿ ಗೆಳೆಯ ಜಾರ್ಜ್ ಡೌಸನ್ ಜತೆ ಸೇರಿ ಒಂದು ಹಗುರ ರೇಸ್ ಕಾರನ್ನು ಕೈಯಿಂದಲೇ ಕಟ್ಟಿದರು.

ಎರಡನೇ ಮಹಾಯುದ್ಧ ನಡೆದಿರುವಾಗಲೇ ಸಣ್ಣ ಕಾರೊಂದರ ಕೆಲಸ ಶುರುವಾಯಿತು. 1948ರಲ್ಲಿ ಅದು ಮಾರಿಸ್ ಮೈನರ್ ಆಗಿ ಹೊರಬಂತು. ತಯಾರಿಯ ಕೊನೇ ಹಂತದಲ್ಲಿ ಕಾರು ಕಿರಿದಾಯಿತು ಅನ್ನಿಸಿ, ಮಾದರಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ಕಣ್ಣಿಗೆ ಸರಿ ಕಾಣುವವರೆಗೆ ಸರಿಸಿ ನೋಡಿದರು. ನಾಲ್ಕು ಇಂಚು ಅಗಲವಾಯಿತು. ಸೂತ್ರಕ್ಕಿಂತ ಕಣ್ಣಳತೆ ನಂಬಿದ ಮನುಷ್ಯ.

ಮೈನರ್‌ನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇರಲಿಲ್ಲ, ಟಾರ್ಷನ್ ಬಾರ್ ಇತ್ತು. ಇದು ಗಾಡಿಯ ಕೆಳಗೆ ಉದ್ದಕ್ಕೆ ಮಲಗಿರುವ ಉಕ್ಕಿನ ಸರಳು. ಮುಂದಿನ ತುದಿ ಚಕ್ರದ ತೋಳಿಗೆ, ಹಿಂದಿನ ತುದಿ ಚಾಸಿಗೆ ಬಿಗಿಯಾಗಿರುತ್ತೆ. ಚಕ್ರ ಗುಂಡಿಗೆ ಬಿದ್ದು ಎದ್ದಾಗ ಸರಳು ಒದ್ದೆ ಟವೆಲ್ ಹಿಂಡಿದ ಹಾಗೆ ತಿರುಚಿಕೊಂಡು, ಮತ್ತೆ ಬಿಚ್ಚಿಕೊಳ್ಳುತ್ತೆ. ಅದೇ ವರ್ಷದ ಮಾರಿಸ್ ಆಕ್ಸ್‌ಫರ್ಡ್‌ಗೂ ಇದೇ ಏರ್ಪಾಡು ಬಂತು. ಆಕ್ಸ್‌ಫರ್ಡ್‌ನ ಮುಂದಿನ ಪೀಳಿಗೆಯೇ 1957ರಿಂದ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ನಮ್ಮ ಅಂಬಾಸಡರ್.

ಈ ಏರ್ಪಾಡಿನ ಗುಟ್ಟು ಸರಳಿನ ತುದಿಯ ಹಲ್ಲುಗಳಲ್ಲಿದೆ. ಹಲ್ಲು ಕೂರುವ ಜಾಗ ಬದಲಿಸಿದರೆ ಸರಳಿನ ಆರಂಭದ ಕೋನ ಬದಲಾಗಿ ಮೂತಿ ಏರುತ್ತೆ, ಇಳಿಯುತ್ತೆ. ಹೀಗೆ ಎತ್ತಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ ಅನ್ನುವುದು ತಪ್ಪು ತಿಳುವಳಿಕೆ. ಗಟ್ಟಿತನ ಸರಳಿನ ದಪ್ಪ ಮತ್ತು ಉದ್ದಕ್ಕೆ ಸೇರಿದ್ದು. ಬದಲಾಗುವುದು ಎತ್ತರ ಮಾತ್ರ.

ಮೊದಲು ಮೂತಿ ನಿಜಕ್ಕೂ ಇಳಿದಿದೆಯಾ ನೋಡಿ. ಸಮತಟ್ಟು ನೆಲ, ಖಾಲಿ ಗಾಡಿ, ಟೈರಿಗೆ ಸರಿಯಾದ ಗಾಳಿ ಇರಬೇಕು. ಎರಡೂ ಕಡೆ ಅಳತೆ ತೆಗೆಯಿರಿ. ಬುಷ್ ಸವೆದಿದ್ದರೆ, ಹಿಂದಿನ ಕಮಾನ್ ಪಟ್ಟಿ ಕೂತಿದ್ದರೆ ಅದನ್ನು ಮೊದಲು ಸರಿಮಾಡಿ. ಸರಳಿಗೆ ಕೈಹಾಕುವ ಮುನ್ನ ಗಾಡಿ ಎತ್ತಿ, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟು, ಸರಳಿನ ತಿರುಚು ಪೂರ್ತಿ ಇಳಿಸಬೇಕು. ತಿರುಚಿದ ಉಕ್ಕು ಬಿಟ್ಟರೆ ಕೈ ಮುರಿಯುತ್ತೆ. ಹಳೇ ಜಾಗಕ್ಕೆ ಗುರುತು ಹಾಕಿ, ಒಂದು ಸಲಕ್ಕೆ ಒಂದೇ ಹಲ್ಲು ಸರಿಸಿ. ಎಡದ ಸರಳನ್ನು ಬಲಕ್ಕೆ ಹಾಕಬೇಡಿ, ಒಂದು ದಿಕ್ಕಿಗೆ ಪಳಗಿದ ಉಕ್ಕು ತಿರುಗಿಸಿದರೆ ಮುರಿಯಬಹುದು. ಇಳಿಸಿದ ಮೇಲೆ ಗಾಡಿಯನ್ನು ಸ್ವಲ್ಪ ಉರುಳಿಸಿ, ಕುಲುಕಿ, ಮತ್ತೆ ಅಳೆಯಿರಿ. ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ನೋಡಿಸಿ. ಶೋಕಿಗೆ ಅಂತ ಅಳತೆ ಮೀರಿ ಎತ್ತಿದರೆ ಟೈರು ಒಂದೇ ಅಂಚಿಗೆ ಸವೆಯುತ್ತೆ.

ಇಸಿಗೊನಿಸ್‌ಗೆ ಜಗತ್ತಿನ ಕೀರ್ತಿ ತಂದದ್ದು 1959ರ ಮಿನಿ. ಸುಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲ್ ಅಭಾವ ಬಂದಾಗ ಹುಟ್ಟಿದ, ಹತ್ತು ಅಡಿ ಉದ್ದದ, ಎಂಜಿನ್ ಅಡ್ಡ ಕೂರಿಸಿದ ಕಾರು. 1969ರಲ್ಲಿ ಸರ್ ಪದವಿ ಬಂತು. ಆದರೆ ಅವರು ಯಾರ ಮಾತನ್ನೂ ಸುಲಭಕ್ಕೆ ಕೇಳುವವರಲ್ಲ. ಕೊಳ್ಳುವವರನ್ನು ಕೇಳಿ ಕಾರು ಮಾಡುವುದರಲ್ಲಿ ನಂಬಿಕೆಯೇ ಇರಲಿಲ್ಲ. 1968ರಲ್ಲಿ ಕಂಪನಿಗಳು ಸೇರಿ ಬ್ರಿಟಿಷ್ ಲೇಲ್ಯಾಂಡ್ ಆದ ಮೇಲೆ ಅವರನ್ನು ಬದಿಗೆ ಸರಿಸಲಾಯಿತು. ಮದುವೆಯಾಗಲಿಲ್ಲ. ತಾಯಿ 1972ರಲ್ಲಿ ತೀರಿಕೊಳ್ಳುವವರೆಗೂ ಜತೆಗಿದ್ದರು. 1988ರ ಅಕ್ಟೋಬರ್ 2ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಇಸಿಗೊನಿಸ್ ಕಣ್ಣುಮುಚ್ಚಿದರು.

ಇಷ್ಟು ಹಟಮಾರಿ ಮನುಷ್ಯ ಹಚ್ಚಿಕೊಂಡ ಸಸ್ಪೆನ್ಷನ್ ಬೇರೆಯವರ ಕೈಗೆ ಇಷ್ಟು ಚೆನ್ನಾಗಿ ಒಗ್ಗಿತಲ್ಲ ಅನ್ನುವುದು ನನಗೆ ಸೋಜಿಗ. ಪಾನಾ, ಜಾಕ್, ಅಳತೆ ಪಟ್ಟಿ ಸಾಕು, ಕಂಪ್ಲಿಯ ಮರದಡಿಯ ಮೆಕ್ಯಾನಿಕ್ ಕೂಡ ಸರಿಮಾಡಬಲ್ಲ. ಇವತ್ತಿನ ಎಷ್ಟೋ ಕಾರುಗಳಲ್ಲಿ ಭಾಗ ಕಿತ್ತು ಹೊಸದು ಹಾಕುವುದೇ ರಿಪೇರಿ. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಗಾಡಿಗಿಂತ ಬೇಗ ಕಾಣೆಯಾಗುತ್ತಿರುವುದು ಅದರ ಹಲ್ಲು ಎಣಿಸಬಲ್ಲ ಕೈಗಳು. ನಮ್ಮೂರುಗಳಲ್ಲಿ ಅಂಥ ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದಾರೆ. ಗುಜರಿಯವರಿಗೆ ಫೋನ್ ಮಾಡುವ ಮೊದಲು ಅವರ ಹತ್ತಿರ ಹೋಗಿ, ಕೆಲಸ ಕಲಿಯುವ ಹುಡುಗನೊಬ್ಬನನ್ನೂ ಪಕ್ಕದಲ್ಲಿ ನಿಲ್ಲಿಸಿ.