ಹನ್ನೊಂದನೆಯ ಪಯಸ್ ಮತ್ತು ಅವರ ಪುಟ್ಟ ರಾಜ್ಯ

ರಾಜ್ಯವೆಂದೊಡನೆ ವಿಸ್ತಾರವಾದ ನೆಲವೂ ದೊಡ್ಡ ಸೈನ್ಯವೂ ನಮ್ಮ ನೆನಪಿಗೆ ಬರುತ್ತವೆ. ಆದರೆ ರೋಮ್ ನಗರದೊಳಗೆ ಕೇವಲ 44 ಹೆಕ್ಟೇರು, ಎಂದರೆ ಸುಮಾರು 109 ಎಕರೆ ನೆಲದಲ್ಲಿ ಒಂದು ಸ್ವತಂತ್ರ ರಾಜ್ಯವಿದೆ. ಅದೇ ವ್ಯಾಟಿಕನ್ ನಗರ. ಕೆಥೊಲಿಕ್ ಕ್ರೈಸ್ತರ ಪರಮಗುರುಗಳಾದ ಪೋಪರೇ ಅದರ ಅರಸರು. ಆ ರಾಜ್ಯಕ್ಕೆ ಮೊದಲ ಶಾಸನಗಳನ್ನಿತ್ತ ಪೋಪ್ ಹನ್ನೊಂದನೆಯ ಪಯಸ್ ಅವರ ಚರಿತ್ರೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ನೋಡೋಣ.

ಅವರ ಮೊದಲ ಹೆಸರು ಅಕಿಲೆ ರಾತ್ತಿ. ಇಟಲಿಯ ಮಿಲಾನ್ ಬಳಿಯ ದೇಸಿಯೊ ಎಂಬಲ್ಲಿ 1857ನೆಯ ಮೇ 31ರಂದು ಜನಿಸಿದರು. ತಂದೆ ರೇಷ್ಮೆ ಕಾರ್ಖಾನೆಯ ಮೇಲ್ವಿಚಾರಕರು. ರಾತ್ತಿಯವರು 1879ರಲ್ಲಿ ಪಾದ್ರಿಗಳಾದರು. ಧರ್ಮಶಾಸನವನ್ನು ಆಳವಾಗಿ ಅಭ್ಯಸಿಸಿದರು. 1888ರಲ್ಲಿ ಮಿಲಾನಿನ ಪ್ರಸಿದ್ಧ ಅಂಬ್ರೋಸಿಯನ್ ಗ್ರಂಥಾಲಯವನ್ನು ಸೇರಿ, ಮುಂದೆ ಅದರ ಮುಖ್ಯಸ್ಥರಾದರು. ಹಳೆಯ ಹಸ್ತಪ್ರತಿಗಳೇ ಅವರ ಸಂಗಾತಿಗಳು. ಆದರೂ ಅವರು ಪುಸ್ತಕದ ಹುಳುವಾಗಿ ಉಳಿಯಲಿಲ್ಲ. 1889ರಲ್ಲಿ ಮೊಂಟೆ ರೋಸಾ ಪರ್ವತದ ಕಡಿದಾದ ಪೂರ್ವಮುಖವನ್ನೇರಿ, ಕೊರೆಯುವ ಚಳಿಯಲ್ಲಿ ಬಂಡೆಯ ಮೇಲೆ ಒಂದು ರಾತ್ರಿಯನ್ನು ಕಳೆದ ಸಾಹಸಿಗಳವರು. 1920ರಲ್ಲಿ ರಷ್ಯದ ಕೆಂಪು ಸೇನೆ ವಾರ್ಸಾ ನಗರವನ್ನು ಸಮೀಪಿಸಿದಾಗಲೂ, ಅಲ್ಲಿ ಪೋಪರ ಪ್ರತಿನಿಧಿಯಾಗಿದ್ದ ಅವರು ಊರು ಬಿಟ್ಟು ಹೋಗಲಿಲ್ಲ.

1922ರ ಫೆಬ್ರವರಿ 6ರಂದು ಅವರು ಪೋಪರಾಗಿ ಆಯ್ಕೆಯಾದರು. ಆಗ ಅವರೆದುರಿಗೆ ಹಳೆಯ ವ್ಯಾಜ್ಯವೊಂದಿತ್ತು. ಸಾವಿರಕ್ಕೂ ಹೆಚ್ಚು ವರ್ಷ ಪೋಪರು ಮಧ್ಯ ಇಟಲಿಯನ್ನು ಆಳಿದ್ದರು. 1870ರಲ್ಲಿ ಇಟಲಿಯ ಸೈನ್ಯ ರೋಮನ್ನು ವಶಪಡಿಸಿಕೊಂಡಿತು. ಮರುವರ್ಷ ಇಟಲಿಯ ಸಂಸತ್ತು ಪೋಪರಿಗೆ ಕೆಲವು ಸೌಲಭ್ಯಗಳನ್ನು ಕೊಡುವ ಕಾನೂನನ್ನು ಮಾಡಿತು. ಪೋಪರು ಅದನ್ನು ಒಪ್ಪಲಿಲ್ಲ. ಒಂದು ಸಂಸತ್ತು ಕೊಟ್ಟುದನ್ನು ಇನ್ನೊಂದು ಸಂಸತ್ತು ಕಸಿದುಕೊಳ್ಳಬಹುದಷ್ಟೆ! ಇತರರ ದಯೆಯಿಂದ ಬಂದ ಸ್ವಾತಂತ್ರ್ಯ ಸ್ವಾತಂತ್ರ್ಯವಲ್ಲವೆಂದು ಅವರು ಅರಮನೆಯ ಆವರಣವನ್ನು ಬಿಟ್ಟು ಹೊರಬರಲಿಲ್ಲ. ಹೀಗೆ 59 ವರ್ಷಗಳು ಕಳೆದವು.

ರಾತ್ತಿಯವರು ಈ ಗಂಟನ್ನು ಬಿಡಿಸಿದರು. ಕಳೆದುಹೋದ ವಿಶಾಲ ರಾಜ್ಯದ ಆಸೆಯನ್ನು ಬಿಟ್ಟು, ಸ್ವತಂತ್ರವಾಗಿ ನಿಲ್ಲಲು ಬೇಕಾದಷ್ಟೇ ನೆಲ ಸಾಕೆಂದರು. 1929ರ ಫೆಬ್ರವರಿ 11ರಂದು ಲ್ಯಾಟರನ್ ಅರಮನೆಯಲ್ಲಿ ಒಪ್ಪಂದವಾಯಿತು. ಪೋಪರ ಪರವಾಗಿ ಕಾರ್ಡಿನಲ್ ಗಾಸ್ಪಾರಿಯವರೂ ಇಟಲಿಯ ಪರವಾಗಿ ಮುಸೊಲಿನಿಯೂ ಸಹಿ ಮಾಡಿದರು. ಸರ್ವಾಧಿಕಾರಿಯೊಡನೆ ಕೈ ಜೋಡಿಸಿದರೆಂಬ ಆಕ್ಷೇಪವೂ ಬಂತು. ಒಪ್ಪಂದದಿಂದ ಮುಸೊಲಿನಿಯ ಪ್ರತಿಷ್ಠೆ ಹೆಚ್ಚಿದುದು ನಿಜ.

ಅದೇ ವರ್ಷದ ಜೂನ್ 7ರಂದು ಒಪ್ಪಂದ ಜಾರಿಗೆ ಬಂತು. ಅಂದೇ ಪೋಪರು ಆರು ಶಾಸನಗಳನ್ನು ಹೊರಡಿಸಿದರು. ನಿವಾಸಿಗಳು ಕೆಲವೇ ನೂರು ಮಂದಿಯಾದರೂ ಕಾನೂನಿಲ್ಲದೆ ಒಂದು ದಿನವೂ ಸಾಗಬಾರದೆಂಬುದು ಅವರ ನಿಲುವು. ಚರ್ಚಿನ ಧರ್ಮಶಾಸನಕ್ಕೆ ಮೊದಲ ಸ್ಥಾನ. ರಾಜ್ಯದ ಸ್ವಂತ ಕಾನೂನೂ ಅದರೊಡನೆ. ಇವೆರಡರಲ್ಲಿ ಉತ್ತರ ದೊರೆಯದಿದ್ದರೆ, ಧರ್ಮಕ್ಕೆ ವಿರುದ್ಧವಲ್ಲದ ಇಟಲಿಯ ಕಾನೂನನ್ನು ಎರವಲು ಪಡೆಯಬೇಕು. ಪೌರತ್ವದ ನಿಯಮವಂತೂ ವಿಲಕ್ಷಣ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಪ್ರಜೆಯಾಗರು. ಸೇವೆಯಿಂದ, ವಾಸದಿಂದ ಪೌರತ್ವ ಬರುತ್ತದೆ, ಸೇವೆ ಮುಗಿದಾಗ ಸಾಮಾನ್ಯವಾಗಿ ಹೋಗುತ್ತದೆ.

ನಮ್ಮ ಸಂವಿಧಾನದಲ್ಲಿ ಶಾಸನ, ಆಡಳಿತ, ನ್ಯಾಯಗಳೆಂಬ ಮೂರು ಅಂಗಗಳು ಬೇರೆ ಬೇರೆಯಾಗಿವೆ. ಅಲ್ಲಿ ನ್ಯಾಯಾಲಯಗಳಿದ್ದರೂ ಮೂರೂ ಅಧಿಕಾರಗಳ ಮೂಲ ಪೋಪರೊಬ್ಬರೇ. ಇದು ಆ ವ್ಯವಸ್ಥೆಯ ಬಲವೂ ಹೌದು, ಕೊರತೆಯೂ ಹೌದು. ಅರಸನು ನ್ಯಾಯವಂತನಾಗಿದ್ದರೆ ಎಲ್ಲವೂ ಸರಿ, ಇಲ್ಲವಾದರೆ ತಡೆಯುವವರಾರು? ಮೊದಲ ಶಾಸನಗಳು ಪೋಪರ ಪ್ರಾಣಹರಣಕ್ಕೆ ಯತ್ನಿಸಿದವನಿಗೆ ಮರಣದಂಡನೆಯನ್ನು ವಿಧಿಸಿದ್ದವು. ಅದು ಒಮ್ಮೆಯೂ ಜಾರಿಯಾಗದೆ 1969ರಲ್ಲಿ ರದ್ದಾಯಿತು. ಮೂಲಶಾಸನವನ್ನು 2000ದಲ್ಲಿಯೂ 2023ರಲ್ಲಿಯೂ ಹೊಸದಾಗಿ ರಚಿಸಲಾಯಿತು.

ಆ ಪುಟ್ಟ ನೆಲದ ಬೆಲೆ ಬೇಗನೆ ತಿಳಿದುಬಂತು. 1931ರಲ್ಲಿ ಮುಸೊಲಿನಿ ಕೆಥೊಲಿಕ್ ಯುವಕರ ಸಂಘಗಳ ಮೇಲೆ ಕೈಮಾಡಿದಾಗ ಪೋಪರು ಬಹಿರಂಗವಾಗಿ ಖಂಡಿಸಿದರು. 1937ರಲ್ಲಿ ನಾಜಿಗಳ ಜನಾಂಗಪೂಜೆಯನ್ನು ವಿರೋಧಿಸಿ ಅವರು ಬರೆದ ಪತ್ರವನ್ನು ಗುಟ್ಟಾಗಿ ಜರ್ಮನಿಗೆ ಸಾಗಿಸಿ, ಅಲ್ಲಿನ ಚರ್ಚುಗಳಲ್ಲಿ ಓದಲಾಯಿತು. ಪರರ ಪ್ರಜೆಯಾಗಿದ್ದರೆ ಇಷ್ಟು ನಿರ್ಭಯವಾಗಿ ನುಡಿಯುವುದು ಸುಲಭವಾಗುತ್ತಿರಲಿಲ್ಲ. ಒಪ್ಪಂದದ ಹತ್ತನೆಯ ವಾರ್ಷಿಕೋತ್ಸವದ ಹಿಂದಿನ ದಿನ, 1939ರ ಫೆಬ್ರವರಿ 10ರಂದು, ಅವರು ದೈವಾಧೀನರಾದರು.

ಮಕ್ಕಳೇ, ಕಳೆದುದಕ್ಕಾಗಿ ಕೊರಗದೆ, ಉಳಿದ ಗೇಣು ನೆಲದ ಮೇಲೆ ನೆಟ್ಟಗೆ ನಿಲ್ಲುವುದನ್ನು ಈ ಚರಿತ್ರೆಯಿಂದ ನಾವು ಕಲಿಯಬಹುದು. ರಾಜ್ಯ ಎಷ್ಟೇ ಕಿರಿದಾಗಿರಲಿ, ಅದಕ್ಕೆ ಬರೆದಿಟ್ಟ ಕಾನೂನು ಬೇಕು. ಅದನ್ನು ನಡೆಸುವವರಿಗೆ ಅಂಜದ ಮನಸ್ಸೂ ಬೇಕು.